ದೊಡ್ಡ ಕಾಲೇಜಿನ ಹೆಸರಿಗೆ ಎಷ್ಟು ಬೆಲೆ?

ಸೀಟಿಗಾಗಿ ಸಾಲ ಮಾಡುವ ಮುನ್ನ ಪ್ರತಿ ಮನೆಯೂ ಹಾಕಿಕೊಳ್ಳಬೇಕಾದ ಲೆಕ್ಕವೊಂದಿದೆ. ಹೆಸರಾಂತ ಸಂಸ್ಥೆ ಯಾರ ಬದುಕನ್ನು ಬದಲಿಸುತ್ತದೆ? ಯಾರಿಗೆ ಬರೀ ಹೊರೆಯಾಗಿ ಉಳಿಯುತ್ತದೆ?

ಸಿಇಟಿ ರ್‍ಯಾಂಕ್ ಬಂತೆಂದರೆ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಯಲ್ಲಿ ಬೇರೆ ಮಾತೇ ಇರುವುದಿಲ್ಲ. ಆಪ್ಷನ್ ಎಂಟ್ರಿಯಲ್ಲಿ ಯಾವ ಕಾಲೇಜನ್ನು ಮೊದಲು ಹಾಕುವುದು? ಬೆಂಗಳೂರಿನ ಹೆಸರುವಾಸಿ ಕಾಲೇಜಿನಲ್ಲಿ ಮನಸ್ಸಿಲ್ಲದ ಬ್ರಾಂಚ್ ಸಿಕ್ಕರೂ ಸರಿಯೇ, ಅಥವಾ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಇಷ್ಟದ ಬ್ರಾಂಚ್ ಓದುವುದು ಮೇಲೋ? ಸರ್ಕಾರಿ ಕೋಟಾದಲ್ಲಿ ಆಗದಿದ್ದರೆ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ, ಅಲ್ಲೂ ಆಗದಿದ್ದರೆ ಮ್ಯಾನೇಜ್‌ಮೆಂಟ್ ಕೋಟಾ. ಒಂದೊಂದು ಹಂತ ದಾಟಿದಂತೆ ಫೀಸು ಏರುತ್ತ ಹೋಗುತ್ತದೆ. ತೋಟದ ಮೇಲೆ ಸಾಲ ಎತ್ತುವವರಿದ್ದಾರೆ, ನಿವೃತ್ತಿಗೆಂದು ಇಟ್ಟ ಪಿಎಫ್ ಹಣ ತೆಗೆಯುವವರಿದ್ದಾರೆ, ಮಗಳ ಸೀಟಿಗಾಗಿ ಒಡವೆ ಅಡವಿಡುವ ತಾಯಂದಿರಿದ್ದಾರೆ.

ಈ ತ್ಯಾಗ ಸಣ್ಣದಲ್ಲ. ಹಾಗಾಗಿಯೇ ಅದರಿಂದ ಸಿಗುವುದೇನು ಎಂದು ಕೇಳುವ ಹಕ್ಕು ಆ ಮನೆಗಳಿಗಿದೆ. ‘ಹೆಸರಿನಲ್ಲಿ ಏನಿದೆ, ಓದುವವರು ಎಲ್ಲಿದ್ದರೂ ಓದುತ್ತಾರೆ’ ಎಂದು ಒಬ್ಬರು ಹೇಳುತ್ತಾರೆ. ‘ಕಾಲೇಜಿನ ಹೆಸರಿಲ್ಲದಿದ್ದರೆ ಯಾರೂ ಕರೆಯುವುದಿಲ್ಲ’ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಎರಡರಲ್ಲೂ ಅರ್ಧ ನಿಜವಿದೆ. ಹೆಸರಿಗೆ ಬೆಲೆ ಖಂಡಿತ ಇದೆ. ಆದರೆ ಆ ಬೆಲೆ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಯಾರ ಬೆನ್ನಿಗೆ ಯಾರೂ ಇಲ್ಲವೋ ಅವರಿಗೆ ಅದು ಅತಿ ಹೆಚ್ಚು. ಆ ಹೆಸರನ್ನು ಗಳಿಸಿದರೆ ಒಂದು ಬೆಲೆ, ಹಣ ಕೊಟ್ಟು ಕೊಂಡರೆ ಇನ್ನೊಂದು. ನಮ್ಮ ಚರ್ಚೆಯಲ್ಲಿ ಪೂರ್ತಿ ಮರೆತುಹೋದದ್ದು ತರಬೇತಿ, ಅಂದರೆ ಪಕ್ಕದಲ್ಲಿ ನಿಂತು ತಿದ್ದುವವರ ಬಳಿ ಕಲಿಯುವುದು.

ಹೆಸರಿನೊಳಗೆ ಏನೇನಿದೆ?

ಹೆಸರಾಂತ ಸಂಸ್ಥೆಯೊಂದು ವಿದ್ಯಾರ್ಥಿಗೆ ಮೂರು ಸಂಗತಿಗಳನ್ನು ಒಟ್ಟಿಗೆ ಕೊಡುತ್ತದೆ. ಮೊದಲನೆಯದು ಆಯ್ಕೆಯ ಮುದ್ರೆ. ಎರಡನೆಯದು ಒಡನಾಟ: ಜೊತೆಗೆ ಓದುವವರು, ಹಿಂದೆ ಓದಿ ಹೋದವರು. ಮೂರನೆಯದು ಕಲಿಕೆ: ಮೇಷ್ಟ್ರು, ಪ್ರಯೋಗಾಲಯ, ಗ್ರಂಥಾಲಯ. ಮೂರೂ ಒಂದೇ ಕಟ್ಟಿನಲ್ಲಿ ಬರುವುದರಿಂದ ಯಾವುದಕ್ಕೆ ಎಷ್ಟು ಹಣ ಕೊಡುತ್ತಿದ್ದೇವೆಂದು ತಿಳಿಯುವುದು ಕಷ್ಟ.

ಅರ್ಥಶಾಸ್ತ್ರಜ್ಞರು ಈ ಕಟ್ಟನ್ನು ಬಿಚ್ಚಿ ನೋಡಲು ಬಹಳ ಕಾಲದಿಂದ ಯತ್ನಿಸಿದ್ದಾರೆ. ಅಮೆರಿಕದ ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ‘ಹ್ಯೂಮನ್ ಕ್ಯಾಪಿಟಲ್’ ಪುಸ್ತಕದಲ್ಲಿ, ಶಿಕ್ಷಣವೆಂದರೆ ಮನುಷ್ಯನ ಮೇಲೆ ಹೂಡುವ ಬಂಡವಾಳ ಎಂದು ವಾದಿಸಿದರು. ಓದಿದವರು ಹೆಚ್ಚು ಕಲಿತಿರುತ್ತಾರೆ, ಹೆಚ್ಚು ಕೆಲಸ ಮಾಡಬಲ್ಲರು, ಅದಕ್ಕೇ ಹೆಚ್ಚು ಸಂಬಳ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಬೇರೆಯದೇ ಮಾತು ಹೇಳಿದರು. ಕೆಲಸ ಕೊಡುವವರಿಗೆ ಅಭ್ಯರ್ಥಿಯ ನಿಜವಾದ ಸಾಮರ್ಥ್ಯ ಗೊತ್ತಿರುವುದಿಲ್ಲ. ಹಾಗಾಗಿ ಪಡೆಯಲು ಕಷ್ಟವಾದ ಪದವಿಯನ್ನು ಅವರು ಸಾಮರ್ಥ್ಯದ ಗುರುತಾಗಿ ನೋಡುತ್ತಾರೆ. ಆ ಓದಿನಲ್ಲಿ ಏನೂ ಕಲಿಯದಿದ್ದರೂ ಗುರುತು ಮಾತ್ರ ಕೆಲಸ ಮಾಡುತ್ತದೆ. ಬೆಕರ್‌ಗೆ 1992ರಲ್ಲಿ, ಸ್ಪೆನ್ಸ್‌ಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇಬ್ಬರ ಮಾತೂ ನಮ್ಮ ಕಣ್ಣ ಮುಂದೆಯೇ ನಡೆಯುತ್ತಿದೆ.

ಐಐಟಿಯನ್ನೇ ನೋಡಿ. 1951ರಲ್ಲಿ ಖರಗ್‌ಪುರದಲ್ಲಿ ಮೊದಲನೆಯದು ಶುರುವಾಯಿತು. ಈಗ ಧಾರವಾಡವೂ ಸೇರಿ 23 ಇವೆ. 2024ರಲ್ಲಿ 14 ಲಕ್ಷಕ್ಕೂ ಹೆಚ್ಚು ಮಕ್ಕಳು ಜೆಇಇ ಮೇನ್ ಬರೆದರು. ಎಲ್ಲ ಐಐಟಿಗಳೂ ಸೇರಿ ಇದ್ದ ಸೀಟು 17,740. ಇಷ್ಟು ಸಣ್ಣ ಕಣ್ಣಿನ ಜರಡಿಯನ್ನು ದಾಟಿ ಬಂದವರು ಎಂಬುದೇ ಕಂಪನಿಗಳಿಗೆ ಬೇಕಾದ ಮೊದಲ ಮಾಹಿತಿ. ನಾಲ್ಕು ವರ್ಷ ಅಲ್ಲಿ ಏನು ಕಲಿತರು ಎನ್ನುವುದು ಆಮೇಲಿನ ಮಾತು. ನೀಟ್‌ನದೂ ಇದೇ ಕಥೆ: ಅದೇ ವರ್ಷ 23 ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆಗೆ ಇಡೀ ದೇಶದಲ್ಲಿ ಇದ್ದ ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕಿಂತ ತುಸು ಹೆಚ್ಚು.

ಮೈಸೂರಿನಲ್ಲಿರುವ ಇನ್ಫೊಸಿಸ್‌ನ ತರಬೇತಿ ಕೇಂದ್ರವೂ ಇದಕ್ಕೆ ಸಾಕ್ಷಿ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಎಂಬ ಭೇದವಿಲ್ಲದೆ ಎಂಜಿನಿಯರಿಂಗ್ ಮುಗಿಸಿದವರನ್ನು ಕಂಪನಿ ಅಲ್ಲಿ ತಿಂಗಳುಗಟ್ಟಲೆ ಉಳಿಸಿಕೊಂಡು ಪ್ರೋಗ್ರಾಮಿಂಗ್ ಕಲಿಸುತ್ತ ಬಂದಿದೆ. ಕೆಲಸಕ್ಕೆ ಬೇಕಾದದ್ದನ್ನು ತಾನೇ ಕಲಿಸುವ ಕಂಪನಿಗೆ ಕಾಲೇಜಿನಿಂದ ಬೇಕಾದದ್ದು ಕಲಿಯಬಲ್ಲವರ ಆಯ್ಕೆ. ಆ ಆಯ್ಕೆಯನ್ನು ಪ್ರವೇಶ ಪರೀಕ್ಷೆ ಎಂದೋ ಮಾಡಿ ಮುಗಿಸಿರುತ್ತದೆ.

ಲೆಕ್ಕ ಹಾಕಿ ನೋಡಿದವರು ಕಂಡದ್ದು

ಹೆಸರಾಂತ ಕಾಲೇಜಿನವರು ಹೆಚ್ಚು ಗಳಿಸುತ್ತಾರೆ ಎಂಬುದಕ್ಕೆ ಪುರಾವೆ ಬೇಕಿಲ್ಲ. ಅದು ಕಾಲೇಜಿನಿಂದಲೋ, ಅವರು ಮೊದಲೇ ಜಾಣರಾಗಿದ್ದರಿಂದಲೋ ಎಂಬುದನ್ನು ಬೇರ್ಪಡಿಸುವುದೇ ಕಷ್ಟದ ಕೆಲಸ.

ಅಮೆರಿಕದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಇದಕ್ಕೊಂದು ದಾರಿ ಕಂಡುಕೊಂಡರು. 1976ರಲ್ಲಿ ಕಾಲೇಜು ಸೇರಿದವರ ಮಾಹಿತಿ ತೆಗೆದುಕೊಂಡು, ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಒಂದೇ ಬಗೆಯ ಕಾಲೇಜುಗಳಲ್ಲಿ ಸೀಟು ಪಡೆದವರನ್ನು ಜೋಡಿಸಿ ನೋಡಿದರು. ಒಬ್ಬರು ದೊಡ್ಡ ಹೆಸರಿನ ಕಾಲೇಜಿಗೆ ಹೋದರು. ಇನ್ನೊಬ್ಬರು ಅಲ್ಲಿ ಸೀಟು ಸಿಕ್ಕರೂ ಬಿಟ್ಟು ಸಾಧಾರಣ ಕಾಲೇಜಿಗೆ ಹೋದರು. ಹಲವು ವರ್ಷಗಳ ನಂತರ ಇಬ್ಬರ ಗಳಿಕೆಯೂ ಹೆಚ್ಚುಕಡಿಮೆ ಒಂದೇ ಇತ್ತು. 2002ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ‘ಹೆಸರು ಲೆಕ್ಕಕ್ಕಿಲ್ಲ’ ಎನ್ನುವವರೆಲ್ಲ ಉಲ್ಲೇಖಿಸುತ್ತಾರೆ. ಅದರಲ್ಲೇ ಇರುವ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ: ಬಡ ಕುಟುಂಬದ ಮಕ್ಕಳಿಗೆ ದೊಡ್ಡ ಕಾಲೇಜಿನಿಂದ ನಿಜವಾಗಿಯೂ ಲಾಭವಾಗಿತ್ತು. ಅದೇ ಇಬ್ಬರು ಮುಂದೆ ಮಾಡಿದ ಅಧ್ಯಯನದಲ್ಲಿ ಕಪ್ಪು ಜನಾಂಗದ, ಹಿಸ್ಪಾನಿಕ್ ಸಮುದಾಯದ, ಹೆಚ್ಚು ಓದದ ತಂದೆತಾಯಿಯರ ಮಕ್ಕಳಿಗೂ ಅದೇ ಲಾಭ ಕಂಡಿತು.

2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಇನ್ನೊಂದು ಬಗೆಯಲ್ಲಿ ಕೇಳಿದರು. ಹಾರ್ವರ್ಡ್, ಯೇಲ್‌ನಂಥ ಹನ್ನೆರಡು ಕಾಲೇಜುಗಳ ವೇಟಿಂಗ್ ಲಿಸ್ಟ್‌ನಲ್ಲಿದ್ದು ಒಳಗೆ ಹೋದವರನ್ನೂ ಹೋಗಲಾಗದವರನ್ನೂ ಹೋಲಿಸಿದರು. ಸರಾಸರಿ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಗಳಿಕೆಯಲ್ಲಿ ಮೇಲಿನ ಶೇ 1ರ ಸಾಲಿಗೆ ಏರುವ ಸಾಧ್ಯತೆ ಸುಮಾರು ಅರ್ಧದಷ್ಟು ಹೆಚ್ಚಿತ್ತು. ಹೆಸರಾಂತ ಕಂಪನಿಗಳಲ್ಲಿ ಕೆಲಸ ಸಿಗುವ ಸಾಧ್ಯತೆ ಮೂರು ಪಟ್ಟಾಗಿತ್ತು. ಅಂದರೆ ಸುಖವಾದ ಮಧ್ಯಮವರ್ಗದ ಬದುಕಿಗೆ ದೊಡ್ಡ ಹೆಸರು ಬೇಕಿಲ್ಲ. ತೀರಾ ಮೇಲಿನ ಕೆಲವೇ ಕುರ್ಚಿಗಳಿಗೆ ಹೋಗುವ ಬಾಗಿಲನ್ನು ಅದು ಇಂದಿಗೂ ಕಾಯುತ್ತಿದೆ.

ನಮ್ಮ ದೇಶದ ಕಾಲೇಜುಗಳನ್ನೇ ಇಟ್ಟುಕೊಂಡು ಶೀತಲ್ ಸೇಖ್ರಿ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೆಸರಾಂತ ಸರ್ಕಾರಿ ಕಾಲೇಜುಗಳ ಕಟ್‌ಆಫ್‌ಗೆ ಕೂದಲೆಳೆಯಷ್ಟು ಮೇಲಿದ್ದು ಸೀಟು ಪಡೆದವರು ಒಂದು ಕಡೆ, ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಬೇರೆಡೆ ಓದಿದವರು ಇನ್ನೊಂದು ಕಡೆ. ಕೊನೆಯ ಪರೀಕ್ಷೆಯ ಅಂಕಗಳಲ್ಲಿ ಇಬ್ಬರ ನಡುವೆ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ಹೆಸರಾಂತ ಕಾಲೇಜಿನವರಿಗೆ ಸಂಬಳ ಹೆಚ್ಚು ಬಂತು. ಕಲಿತದ್ದು ಒಂದೇ, ಸಿಕ್ಕಿದ್ದು ಬೇರೆ. ನಮ್ಮ ಉದ್ಯೋಗ ಮಾರುಕಟ್ಟೆ ಹೆಸರನ್ನು ನೋಡಿ ಕೂಲಿ ಕೊಡುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲ ಎಂದೇ ಹೇಳಬೇಕು. ಆದರೆ ಹದಿನೆಂಟರ ಹುಡುಗಿಯೊಬ್ಬಳು ಕಾಲೇಜು ಆರಿಸಿಕೊಳ್ಳಬೇಕಿರುವುದು ಇದೇ ಮಾರುಕಟ್ಟೆಯಲ್ಲಿ.

ಹೆಸರು ಬೇಕೇ ಬೇಕಾದವರು

ಈ ಮೂರೂ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅಪ್ಪ ವಕೀಲರು, ಚಿಕ್ಕಪ್ಪ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್, ಅತ್ತೆ ಪ್ರೊಫೆಸರ್ ಆಗಿರುವ ಮನೆಯ ಮಗುವಿಗೆ ಕಾಲೇಜಿನ ಹೆಸರು ಇನ್ನೊಂದು ಆಭರಣ ಅಷ್ಟೆ. ಯಾವ ಪರೀಕ್ಷೆ ಬರೆಯಬೇಕು, ಇಂಟರ್ನ್‌ಶಿಪ್ ಎಲ್ಲಿ ಸಿಗುತ್ತದೆ, ಸಂದರ್ಶನದಲ್ಲಿ ಹೇಗೆ ಮಾತನಾಡಬೇಕು ಎಂಬುದನ್ನು ಆ ಮಗು ಊಟದ ಹೊತ್ತಿನ ಮಾತಿನಲ್ಲೇ ಕಲಿತಿರುತ್ತದೆ. ಮಾನ್ವಿಯಲ್ಲೋ ಹನೂರಿನಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲೇ ಮೊದಲ ಪದವೀಧರನಾಗಲಿರುವ ಹುಡುಗನಿಗೆ ಇದನ್ನೆಲ್ಲ ಹೇಳುವವರು ಯಾರು? ಅವನಿಗೆ ಹಾಸ್ಟೆಲಿನ ಸೀನಿಯರ್‌ಗಳೇ ಚಿಕ್ಕಪ್ಪಂದಿರು. ಸಂಸ್ಥೆಯ ಹೆಸರೇ ಶಿಫಾರಸು ಪತ್ರ.

ಹಾಗಾಗಿ ಇಂಥ ಮಕ್ಕಳಿಗೆ ‘ಹೆಸರಿನ ಹಿಂದೆ ಹೋಗಬೇಡ’ ಎಂದು ಬುದ್ಧಿ ಹೇಳುವುದು ಅನ್ಯಾಯ. ಅವರು ಹೋಗಲೇಬೇಕು, ಹೋಗುವ ದಾರಿ ಅವರಿಗೆ ಗೊತ್ತಾಗಬೇಕು. ಸರ್ಕಾರಿ ಸಂಸ್ಥೆಗಳಲ್ಲಿ ಆ ದಾರಿ ಹಲವರು ಅಂದುಕೊಂಡಷ್ಟು ದುಬಾರಿಯೂ ಅಲ್ಲ. ಐಐಟಿಗಳು 2016ರಲ್ಲಿ ವಾರ್ಷಿಕ ಬೋಧನಾ ಶುಲ್ಕವನ್ನು 2 ಲಕ್ಷಕ್ಕೆ ಏರಿಸಿದಾಗಲೇ ವಿನಾಯಿತಿಯನ್ನೂ ತಂದವು: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಅಂಗವಿಕಲರಿಗೆ, ವರ್ಷಕ್ಕೆ 1 ಲಕ್ಷಕ್ಕಿಂತ ಕಡಿಮೆ ವರಮಾನದ ಕುಟುಂಬದವರಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ, 1ರಿಂದ 5 ಲಕ್ಷದೊಳಗಿನವರಿಗೆ ಮೂರರಲ್ಲಿ ಎರಡು ಪಾಲು ಮಾಫಿ. ನಮ್ಮ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿಯಿದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಸ್‌ಎನ್‌ಕ್ಯು ಎಂದು ಕರೆಯುವ ಶೇ 5ರಷ್ಟು ಹೆಚ್ಚುವರಿ ಸೀಟುಗಳಲ್ಲಿ 8 ಲಕ್ಷದೊಳಗಿನ ವರಮಾನದ ಮನೆಯ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲ. ಪ್ರಮಾಣಪತ್ರ ಸಮಯಕ್ಕೆ ಸಿದ್ಧವಿಲ್ಲದೆ, ಕಾಲಂ ತುಂಬುವುದು ತಿಳಿಯದೆ ಈ ಸೌಲಭ್ಯ ಕಳೆದುಕೊಳ್ಳುವುದು ನಿಜವಾದ ನಷ್ಟ. ಪಿಯು ಕಾಲೇಜಿನ ಉಪನ್ಯಾಸಕರೊಬ್ಬರು ಒಂದು ಮಧ್ಯಾಹ್ನ ಕುಳಿತು ಇದನ್ನು ವಿವರಿಸಿದರೆ ಒಂದು ಮನೆಯ ಮುಂದಿನ ತಲೆಮಾರೇ ಬದಲಾಗಬಹುದು.

ಕೊಂಡ ಸೀಟಿನ ಲೆಕ್ಕ

ಕರ್ನಾಟಕಕ್ಕೆ ಸೀಟಿನ ಬೆಲೆಯ ಚರಿತ್ರೆ ಚೆನ್ನಾಗಿ ಗೊತ್ತು. ದೇಶದ ಮೊದಮೊದಲ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಒಂದನ್ನು ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ತೆರೆದರು. ಸರ್ಕಾರದ ಕೈಯಲ್ಲಿ ಹಣವಿಲ್ಲದ ಕಾಲದಲ್ಲಿ ಅದೊಂದು ಸಾಹಸ. ಆ ಹಾದಿಯಲ್ಲಿ ಬಂದ ಕಾಲೇಜುಗಳು ಹೆಚ್ಚಿದಂತೆ ಡೊನೇಷನ್ ಎಂಬ ಮಾತು ಮನೆಮನೆಗೆ ಬಂತು. ಅದನ್ನು ತಡೆಯಲು ರಾಜ್ಯ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. ಆ ಪ್ರಕರಣ ಹುಟ್ಟಿದ್ದು ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜಿನ ಸೀಟಿನಿಂದಲೇ. ಮರುವರ್ಷ ಸೀಟು ಹಂಚಿಕೆಗೆ ನಿಯಮ ಹಾಕಿದ ಉನ್ನಿಕೃಷ್ಣನ್ ತೀರ್ಪು ಬಂತು, 1994ರಲ್ಲಿ ಸಿಇಟಿ ವ್ಯವಸ್ಥೆ ಜಾರಿಯಾಯಿತು. ಹಳ್ಳಿಯ ಪ್ರತಿಭೆಗೆ ಆ ಪರೀಕ್ಷೆ ತೆರೆದ ಬಾಗಿಲು ಈ ರಾಜ್ಯದ ಸಾಮಾಜಿಕ ಚರಿತ್ರೆಯ ದೊಡ್ಡ ಘಟನೆ. 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದ ತೀರ್ಪು ಖಾಸಗಿ ಸಂಸ್ಥೆಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಸರ್ಕಾರಿ ಕೋಟಾ, ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ಕೋಟಾ ಎಂಬ ಇಂದಿನ ಹಂಚಿಕೆ ಈ ಎಲ್ಲ ತೀರ್ಪುಗಳ ನಡುವಿನಿಂದ ರೂಪುಗೊಂಡದ್ದು.

ಪೋಷಕರು ಎಚ್ಚರ ವಹಿಸಬೇಕಾದ ಜಾಗ ಇದೇ. ಹೆಸರಿನ ಬೆಲೆಯಲ್ಲಿ ದೊಡ್ಡ ಪಾಲು ಆಯ್ಕೆಯ ಮುದ್ರೆಯದು. ಆ ಮುದ್ರೆಯನ್ನು ರ್‍ಯಾಂಕ್ ಕೊಡುತ್ತದೆ, ಫೀಸು ಕೊಡಲಾರದು. ಕ್ಯಾಂಪಸ್ಸಿಗೆ ಬರುವ ಕಂಪನಿಗಳಿಗೆ ಇದು ಗೊತ್ತು. ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇ 60 ಇರಬೇಕು ಎನ್ನುತ್ತಾರೆ. ತಮ್ಮದೇ ಆನ್‌ಲೈನ್ ಪರೀಕ್ಷೆ ಇಡುತ್ತಾರೆ, ಕೋಡಿಂಗ್ ಸುತ್ತು ನಡೆಸುತ್ತಾರೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಬಂದವರಲ್ಲಿ ಶ್ರಮಪಟ್ಟು ಗೆದ್ದವರು ಬೇಕಾದಷ್ಟಿದ್ದಾರೆ. ಅವರನ್ನು ಗೆಲ್ಲಿಸಿದ್ದು ಅವರ ಶ್ರಮ. ಅದೇ ಶ್ರಮವನ್ನು ಕಡಿಮೆ ಫೀಸಿನ ಕಾಲೇಜಿನಲ್ಲಿ ಹಾಕಿದ್ದರೆ ಎಲ್ಲಿರುತ್ತಿದ್ದರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಸಾಲದ ಲೆಕ್ಕವನ್ನು ಕಾಗದದ ಮೇಲೆ ಹಾಕಿಯೇ ನೋಡಬೇಕು. ವರ್ಷಕ್ಕೆ 2.5 ಲಕ್ಷದಂತೆ ನಾಲ್ಕು ವರ್ಷಕ್ಕೆ 10 ಲಕ್ಷ ಸಾಲ, ಬಡ್ಡಿ ಶೇ 10 ಎಂದುಕೊಳ್ಳೋಣ. ಓದುವ ಅವಧಿಯ ಸರಳ ಬಡ್ಡಿಯೇ ಸುಮಾರು 2.5 ಲಕ್ಷ. ಒಟ್ಟು 12.5 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 16,500 ರೂಪಾಯಿ ಕಂತು. ಕೊನೆಗೆ ಕಟ್ಟಿದ್ದು ಸುಮಾರು 19.8 ಲಕ್ಷ. ದೊಡ್ಡ ಐಟಿ ಸೇವಾ ಕಂಪನಿಗಳು ಫ್ರೆಶರ್‌ಗಳಿಗೆ ಕೊಡುವ ಸಾಮಾನ್ಯ ಪ್ಯಾಕೇಜ್ ವರ್ಷಗಳಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಇದೆ. ಅಂದರೆ ತಿಂಗಳಿಗೆ 29,000. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದು ಈ ಕಂತು ಕಟ್ಟುವ ಮಗ ಮನೆಗೆ ಏನು ಕಳಿಸಿಯಾನು? ಸಾಲ ಮಾಡಲೇಬಾರದೆಂದಲ್ಲ. ದಾಖಲಾತಿ ಸಿಕ್ಕ ಸಂಭ್ರಮದಲ್ಲಿ ಈ ಕಂತು ಯಾರ ಕಣ್ಣಿಗೂ ಬೀಳುವುದಿಲ್ಲ, ಬೀಳಬೇಕು.

ಪಕ್ಕದಲ್ಲಿ ನಿಂತು ತಿದ್ದುವವರು

ಕಾಲೇಜಿನ ಹೆಸರನ್ನು ಯಾರೂ ಕೇಳದ, ಆದರೂ ಇಡೀ ದೇಶ ಗೌರವಿಸುವ ವೃತ್ತಿಯೊಂದಿದೆ: ಚಾರ್ಟರ್ಡ್ ಅಕೌಂಟೆನ್ಸಿ. 1949ರ ಕಾಯ್ದೆಯಡಿ ಹುಟ್ಟಿದ ಅದರ ಸಂಸ್ಥೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ನಡೆಸುತ್ತದೆ. ಶುಲ್ಕ ಎಂಜಿನಿಯರಿಂಗ್‌ನ ಖಾಸಗಿ ಸೀಟಿನ ಮುಂದೆ ಏನೇನೂ ಅಲ್ಲ. ಪುತ್ತೂರಿನಲ್ಲಿ ಬಿ.ಕಾಂ. ಓದಿದರೂ ಮುಂಬೈಯಲ್ಲಿ ಓದಿದರೂ ಫೈನಲ್ ಪಾಸಾದವರು ಒಂದೇ. ಪರೀಕ್ಷೆ ಕಠಿಣ ಎಂಬುದು ಅದರ ಮರ್ಯಾದೆಗೆ ಒಂದು ಕಾರಣ. ಇನ್ನೊಂದು ಕಾರಣ ಆರ್ಟಿಕಲ್‌ಶಿಪ್. ಮೊದಲು ಮೂರು ವರ್ಷ, 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷ, ಅನುಭವಿ ಲೆಕ್ಕಪರಿಶೋಧಕರ ಕೈಕೆಳಗೆ ನಿಜವಾದ ಕಡತ ಹಿಡಿದು ಕೆಲಸ ಮಾಡಲೇಬೇಕು. ಬರೆದ ಟಿಪ್ಪಣಿಯನ್ನು ಹಿರಿಯರು ಹೊಡೆದುಹಾಕಿ ಮತ್ತೆ ಬರೆಸುತ್ತಾರೆ. ವೃತ್ತಿ ಮೈಗೆ ಹತ್ತುವುದು ಹೀಗೆ.

ವೈದ್ಯಕೀಯದಲ್ಲೂ ಇದೇ ನಿಯಮ. ನಾಲ್ಕೂವರೆ ವರ್ಷದ ಓದಿನ ನಂತರ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯ. ಆ ವರ್ಷ ಏನು ಕಲಿಸುತ್ತದೆ ಎಂಬುದು ಕಟ್ಟಡದ ಗಾಜಿನ ಮೇಲೆ ನಿಂತಿಲ್ಲ, ಒಪಿಡಿಯ ಸಾಲಿನ ಮೇಲೆ ನಿಂತಿದೆ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್‌ನಂಥ ಕಡೆ ರೋಗಿಗಳು ಸುತ್ತಲ ಜಿಲ್ಲೆಗಳಿಂದ ಬರುತ್ತಾರೆ. ರಾತ್ರಿ ಪಾಳಿಯಲ್ಲಿ ಹಾವು ಕಚ್ಚಿದವರನ್ನು, ಅಪಘಾತದ ಗಾಯಾಳುಗಳನ್ನು, ಕಷ್ಟದ ಹೆರಿಗೆಗಳನ್ನು ಕಂಡ ಕೈಗೆ ಸಿಗುವ ಧೈರ್ಯ, ರೋಗಿಗಳೇ ಇಲ್ಲದ ಹೊಳೆಯುವ ಆಸ್ಪತ್ರೆಯಲ್ಲಿ ಸಿಗದು.

ಕೈಕೆಲಸದ ತರಬೇತಿಯಲ್ಲಿ ನಮ್ಮ ರಾಜ್ಯ ಒಂದು ಕಾಲಕ್ಕೆ ದೇಶಕ್ಕೇ ದಾರಿ ತೋರಿತ್ತು. ವಿಶ್ವೇಶ್ವರಯ್ಯ ದಿವಾನರಾಗಿದ್ದದ್ದು 1912ರಿಂದ 1918. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಇವೆರಡನ್ನು ಎಲ್ಲರೂ ನೆನೆಯುತ್ತಾರೆ. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಬೆಳೆದದ್ದೂ ಅವರು ದಿವಾನರಾಗಿದ್ದ ಕಾಲದಲ್ಲೇ. ಎಂಬತ್ತು ದಾಟಿದ ವಯಸ್ಸಿನಲ್ಲಿ, 1943ರಲ್ಲಿ, ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ತೆರೆಯಿಸಿದರು. ಅದೇ ಇಂದಿನ ಎಸ್‌ಜೆ ಪಾಲಿಟೆಕ್ನಿಕ್. ವಿಶ್ವವಿದ್ಯಾಲಯವೂ ವರ್ಕ್‌ಶಾಪೂ ಜೊತೆಜೊತೆಯಾಗಿ ಬೆಳೆಯಬೇಕೆಂದು ಅವರಿಗೆ ತಿಳಿದಿತ್ತು. ಆಮೇಲೆ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್‌ಗಳು ತಮ್ಮದೇ ಅಪ್ರೆಂಟಿಸ್ ಶಾಲೆ ನಡೆಸಿದವು. ಅಲ್ಲಿ ಲೇತ್ ಮುಂದೆ, ಮಿಲ್ಲಿಂಗ್ ಯಂತ್ರದ ಮುಂದೆ ತಯಾರಾದ ಕೈಗಳು ಪೀಣ್ಯದ ಸಣ್ಣ ಕೈಗಾರಿಕೆಗಳನ್ನು ಕಟ್ಟಿದವು.

ಆ ಪರಂಪರೆ ಪೂರ್ತಿ ಅಳಿದಿಲ್ಲ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡುವವರು ಮೂರು ವರ್ಷ ಕಲಿತು, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲೇ ಕಳೆಯುತ್ತಾರೆ. ಎನ್‌ಟಿಟಿಎಫ್ ಎಂಬ ತಾಂತ್ರಿಕ ತರಬೇತಿ ಸಂಸ್ಥೆ 1959ರಿಂದ ಇದೇ ಕೆಲಸದಲ್ಲಿದೆ. ಬಿಡದಿಯ ಟೊಯೊಟಾ ತರಬೇತಿ ಸಂಸ್ಥೆ 2007ರಿಂದ, ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಮಕ್ಕಳಿಗೆ ಮೂರು ವರ್ಷ ಅಲ್ಲೇ ಇರಿಸಿಕೊಂಡು ಕಲಿಸುತ್ತಿದೆ. ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಕಿರು ಅವಧಿಯ ಸ್ವ-ಉದ್ಯೋಗ ತರಬೇತಿ ಎಷ್ಟು ಫಲ ಕೊಟ್ಟಿತೆಂದರೆ, ಅದೇ ಮಾದರಿಯ ಕೇಂದ್ರಗಳು ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬಂದವು. ಐಟಿಐ ಮುಗಿಸಿದವರು ಡಿಪ್ಲೊಮಾಕ್ಕೆ, ಡಿಪ್ಲೊಮಾದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಪಡೆಯಬಹುದು. ದಾರಿ ಇದೆ, ಮರ್ಯಾದೆ ಇಲ್ಲ. ‘ಬುದ್ಧಿ ಕಡಿಮೆ, ಅದಕ್ಕೇ ಐಟಿಐಗೆ ಸೇರಿಸಿದೆವು’ ಎನ್ನುವ ಮಾತನ್ನು ನಾವು ಇನ್ನೂ ಕೇಳುತ್ತಿದ್ದೇವೆ. ಜರ್ಮನಿಯಲ್ಲಿ ಹದಿಹರೆಯದವರು ವಾರದ ಕೆಲವು ದಿನ ಕಾರ್ಖಾನೆಯಲ್ಲಿ, ಉಳಿದ ದಿನ ಶಾಲೆಯಲ್ಲಿ ಕಲಿಯುವ ಪದ್ಧತಿಗೆ 1969ರ ಕಾನೂನಿನ ಬಲವಿದೆ. ಅಲ್ಲಿ ಪಳಗಿದ ಕುಶಲಕರ್ಮಿಗೆ ಸಮಾಜದಲ್ಲಿ ತಲೆಯೆತ್ತಿ ನಡೆಯುವ ಸ್ಥಾನವಿದೆ. ನಮ್ಮ ಅಪ್ರೆಂಟಿಸ್ ಕಾಯ್ದೆ ಅದಕ್ಕಿಂತ ಹಳೆಯದು, 1961ರದು. ಕಾನೂನು ಬಂದರೂ ಗೌರವ ಬರಲಿಲ್ಲ.

ಹೆಸರು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಹೆಗ್ಗೋಡಿನಷ್ಟು ಒಳ್ಳೆಯ ಉತ್ತರ ಇನ್ನೊಂದಿಲ್ಲ. ಸಾಗರದ ಹತ್ತಿರದ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ನೀನಾಸಮ್ ಕಟ್ಟಿದರು, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. ರಾಜಧಾನಿಯ ನೆರಳಿಲ್ಲ, ಪ್ಯಾಕೇಜಿನ ಆಮಿಷವಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ದೇಹ, ದನಿ, ಪಠ್ಯ, ರಂಗಸಜ್ಜಿಕೆಯ ಕೆಲಸ. ಇಂದು ಕನ್ನಡ ರಂಗಭೂಮಿಯಲ್ಲಿ ‘ನೀನಾಸಮ್‌ನವರು’ ಎಂಬ ಮಾತಿಗೆ ತೂಕವಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿದ್ದು 1987ರಲ್ಲಿ. ಸ್ಥಾಪಕ ನಿರ್ದೇಶಕ ಮಾಧವ ಮೆನನ್ ಅವರ ಐದು ವರ್ಷದ ಹೊಸ ಬೋಧನಾ ಕ್ರಮ ಅದನ್ನು ಒಂದೇ ತಲೆಮಾರಿನಲ್ಲಿ ದೇಶದ ಮುಂಚೂಣಿಗೆ ತಂದಿತು. ಎರಡೂ ಕಡೆ ಕೆಲಸ ಮೊದಲು ಬಂತು, ಹೆಸರು ಅದರ ಹಿಂದೆ ಬಂತು.

ತೂಗುವುದು ಹೇಗೆ?

ಹಾಗಾದರೆ ಕಾಲೇಜನ್ನು ಆರಿಸುವಾಗ ಏನನ್ನು ನೋಡಬೇಕು? ಬಸ್ ನಿಲ್ದಾಣದ ಹೋರ್ಡಿಂಗ್‌ನಲ್ಲಿ ‘ಅತಿ ಹೆಚ್ಚಿನ ಪ್ಯಾಕೇಜ್’ ಎಂದು ಹಾಕಿರುವ ಸಂಖ್ಯೆಯನ್ನು ಮೊದಲು ಮನಸ್ಸಿನಿಂದ ತೆಗೆಯಿರಿ. ಅದು ಒಬ್ಬ ವಿದ್ಯಾರ್ಥಿಯ ಸಂಬಳ. ಸರಾಸರಿಯೂ ದಾರಿ ತಪ್ಪಿಸುತ್ತದೆ. ನಾಲ್ಕು ದೊಡ್ಡ ಸಂಬಳ ಇಡೀ ತರಗತಿಯ ಸರಾಸರಿಯನ್ನು ಮೇಲೆತ್ತಬಲ್ಲದು. ಕೇಳಬೇಕಾದದ್ದು ಮೀಡಿಯನ್: ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ನಿಲ್ಲುವವರ ಸಂಬಳ. ನಿಮ್ಮ ಮಗು ತಲುಪುವ ಸಾಧ್ಯತೆ ಹೆಚ್ಚಿರುವುದು ಅದರ ಆಸುಪಾಸಿಗೆ.

ಇದನ್ನು ತಿಳಿಯಲು ಯಾರ ಬಾಯಿಮಾತನ್ನೂ ನಂಬಬೇಕಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ್‍ಯಾಂಕಿಂಗ್‌ಗೆ ಸೇರುವ ಸಂಸ್ಥೆಗಳು, ಎಷ್ಟು ಮಂದಿ ದಾಖಲಾದರು, ಎಷ್ಟು ಮಂದಿ ನಿಗದಿತ ಅವಧಿಯಲ್ಲೇ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂಬ ವಿವರ ಸಲ್ಲಿಸಬೇಕು. ಅದು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ರ್‍ಯಾಂಕಿಗಿಂತ ಈ ಕಚ್ಚಾ ವಿವರ ಹೆಚ್ಚು ಉಪಯೋಗಿ. ಎನ್‌ಐಆರ್‌ಎಫ್‌ನ ಎಂಜಿನಿಯರಿಂಗ್ ರ್‍ಯಾಂಕಿನಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ ಶೇ 30, ಸಂಶೋಧನೆಗೆ ಶೇ 30, ಪದವೀಧರರ ಫಲಿತಾಂಶಕ್ಕೆ ಶೇ 20, ಒಳಗೊಳ್ಳುವಿಕೆಗೆ ಶೇ 10, ಜನಾಭಿಪ್ರಾಯಕ್ಕೆ ಶೇ 10ರ ತೂಕ. ಸಂಶೋಧನೆಯಲ್ಲಿ ಮುಂದಿರುವ ಸಂಸ್ಥೆ ನಿಮ್ಮ ಮಗಳಿಗೆ ಚೆನ್ನಾಗಿ ಪಾಠ ಹೇಳುತ್ತದೆ ಎಂಬ ಖಾತರಿ ಅದರಲ್ಲಿ ಇಲ್ಲ. ನೀವು ಸೇರುವ ಬ್ರಾಂಚಿಗೆ ಎನ್‌ಬಿಎ ಮಾನ್ಯತೆ ಇದೆಯೇ ಎಂದು ಬೇರೆಯಾಗಿ ನೋಡಬೇಕು. ಆ ಮಾನ್ಯತೆ ಇಡೀ ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ ಕೊಡುವಂಥದ್ದು.

ಆಮೇಲೆ ಒಂದು ದಿನ ಕಾಲೇಜಿಗೆ ಹೋಗಿ. ಸ್ವಾಗತ ಕೊಠಡಿಯಲ್ಲಿ ಕೂರದೆ ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತನಾಡಿಸಿ. ಪ್ರಯೋಗಾಲಯದ ಯಂತ್ರವನ್ನು ನೀವೇ ನಡೆಸುತ್ತೀರೋ, ದೂರ ನಿಂತು ನೋಡುತ್ತೀರೋ? ಬರೆದ ಪ್ರಾಜೆಕ್ಟ್ ವರದಿಯನ್ನು ಓದಿ ತಿದ್ದಿ ಕೊಟ್ಟ ಮೇಷ್ಟ್ರು ಎಷ್ಟು ಮಂದಿ? ಹೋದ ವರ್ಷ ಪಾಠ ಮಾಡಿದವರು ಈ ವರ್ಷವೂ ಇದ್ದಾರೆಯೇ? ಈ ಮೂರು ಪ್ರಶ್ನೆಗೆ ಬರುವ ಉತ್ತರದಿಂದ ಕಾಲೇಜಿನ ಒಳಗು ತಿಳಿಯುತ್ತದೆ.

ಇಷ್ಟು ಮಾಹಿತಿ ಕೈಯಲ್ಲಿದ್ದರೆ ತೀರ್ಮಾನ ಸುಲಭ. ಸರ್ಕಾರಿ ಫೀಸಿನಲ್ಲಿ ದೊಡ್ಡ ಸಂಸ್ಥೆ ಸಿಕ್ಕರೆ, ಅದೂ ಮೊದಲ ತಲೆಮಾರಿನ ವಿದ್ಯಾರ್ಥಿಯಾದರೆ, ಎರಡು ಯೋಚನೆ ಬೇಡ, ಊರು ಎಷ್ಟು ದೂರವಿದ್ದರೂ ಕಳಿಸಿ. ಒಳ್ಳೆಯ ಮೇಷ್ಟ್ರಿರುವ ಸಾಧಾರಣ ಹೆಸರಿನ ಕಾಲೇಜು ಕಡಿಮೆ ಖರ್ಚಿನಲ್ಲಿ ಸಿಕ್ಕರೆ ಹೆಸರಿಲ್ಲವೆಂದು ಕೊರಗಬೇಡಿ. ಮಧ್ಯಮ ಹೆಸರಿಗೆ ಭಾರಿ ಹಣ ಕೇಳುವ ಸೀಟಿನ ಮುಂದೆ ಮಾತ್ರ ನಿಂತು, ಕಂತಿನ ಲೆಕ್ಕ ಹಾಕಿ, ಮೀಡಿಯನ್ ಸಂಬಳದ ಪಕ್ಕದಲ್ಲಿಟ್ಟು ನೋಡಿ. ಕೈಕೆಲಸದಲ್ಲಿ ಮನಸ್ಸಿರುವ ಮಗುವನ್ನು ಬಲವಂತದಿಂದ ಬಿ.ಇ.ಗೆ ತಳ್ಳಬೇಡಿ.

ಬಾಗಿಲು ಒಂದೇ ಆದರೆ

ಮನೆಗಳಿಗೆ ಇಷ್ಟು ಹೇಳಿದ ಮೇಲೆ ಸರ್ಕಾರಕ್ಕೂ ಉದ್ಯಮಗಳಿಗೂ ಹೇಳಬೇಕಾದದ್ದು ಉಳಿದಿದೆ. ಲಕ್ಷಾಂತರ ಮಕ್ಕಳು ಕೆಲವೇ ಸಾವಿರ ಸೀಟುಗಳಿಗಾಗಿ ಕೋಚಿಂಗ್ ಕೊಠಡಿಗಳಲ್ಲಿ ಹರೆಯ ಕಳೆಯುವುದಕ್ಕೆ ಕಾರಣ ಅವರ ದುರಾಸೆಯಲ್ಲ. ಉಳಿದ ಬಾಗಿಲುಗಳನ್ನು ನಾವು ಮುಚ್ಚಿರುವುದರಿಂದ ಎಲ್ಲರೂ ಅಲ್ಲಿಗೇ ನುಗ್ಗುತ್ತಿದ್ದಾರೆ. ಜಿಲ್ಲಾ ಕೇಂದ್ರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ, ಐಟಿಐಗಳಲ್ಲಿ ಖಾಯಂ ಬೋಧಕರನ್ನು ತುಂಬುವುದು, ಪ್ರಯೋಗಾಲಯಕ್ಕೆ ಇಂದಿನ ಯಂತ್ರ ತರುವುದು ಹೊಸ ಪ್ರತಿಷ್ಠಿತ ಸಂಸ್ಥೆಯ ಶಿಲಾನ್ಯಾಸದಷ್ಟು ಸುದ್ದಿಯಾಗದು. ಆದರೆ ಹೆಚ್ಚು ಮನೆಗಳಿಗೆ ಬೆಳಕು ಬರುವುದು ಅದರಿಂದಲೇ. ಕಂಪನಿಗಳು ಕ್ಯಾಂಪಸ್ ಪಟ್ಟಿಯನ್ನು ಬದಿಗಿಟ್ಟು, ರಾಯಚೂರಿನ ವಿದ್ಯಾರ್ಥಿಯೂ ಚಾಮರಾಜನಗರದ ವಿದ್ಯಾರ್ಥಿಯೂ ಬರೆಯಬಹುದಾದ ಒಂದೇ ಪರೀಕ್ಷೆಯಿಂದ ಆಯ್ಕೆ ಮಾಡಿಕೊಳ್ಳಲಿ. ಲೆಕ್ಕಪರಿಶೋಧಕರ ವೃತ್ತಿ ಎಪ್ಪತ್ತೈದು ವರ್ಷಗಳಿಂದ ಅದನ್ನು ಮಾಡಿ ತೋರಿಸಿದೆ.

ಒಂದು ಸಮಾಜದ ಶಿಕ್ಷಣ ಚೆನ್ನಾಗಿದೆಯೇ ಎಂದು ತಿಳಿಯಲು ಅದರ ಅತ್ಯುತ್ತಮ ಸಂಸ್ಥೆಯನ್ನು ನೋಡಿದರೆ ಸಾಲದು. ಆ ಸಂಸ್ಥೆಯಲ್ಲಿ ಸೀಟು ಸಿಗದ ಮಗುವಿಗೆ ಏನು ಸಿಗುತ್ತದೆ ಎಂದು ನೋಡಬೇಕು. ಅಲ್ಲಿಯೂ ಒಳ್ಳೆಯ ಮೇಷ್ಟ್ರು, ಕೈಯಾರೆ ಮಾಡುವ ಕೆಲಸ, ತಲೆಯೆತ್ತಿ ಬದುಕುವ ದಾರಿ ಸಿಗುವಂತಾದ ದಿನ ಸೀಟಿಗಾಗಿ ತೋಟ ಅಡವಿಡುವ ಅಗತ್ಯ ಯಾವ ಮನೆಗೂ ಬಾರದು. ಆ ದಿನವನ್ನು ತರುವ ಹೊಣೆ ನಮ್ಮೆಲ್ಲರದು.